ನಿಜಗುಣಪ್ಪನ ಎಡಸುತ್ತು

ಬೈಲಹೊಂಗಲದಿಂದ ಚಚಡಿಯ ಮೇಲೆ ಹಾದು ಕಟಕೋಳಕ್ಕೆ ಹೋಗುವ ಬಸ್ಸಿನ ಬೆನ್ನಿಗೆ ಒಂದು ಮೋಟಾರ್‌ಸೈಕಲ್ಲು ಅಂಟಿಕೊಂಡು, ಬಸ್ಸು ನಿಂತಲ್ಲಿ ನಿಂತು, ಹೊರಟಾಗ ಹೊರಟು, ಅದು ಉಗುಳಿದ ಹೊಗೆಯನ್ನೆಲ್ಲ ಪ್ರಸಾದದಂತೆ ಸ್ವೀಕರಿಸುತ್ತ ಬರುತ್ತಿದೆಯೆಂದರೆ, ಅದರ ಮೇಲೆ ಕೂತವನು ನಿಜಗುಣಪ್ಪನೆಂದೇ ತಿಳಿಯಬೇಕು. ಬಸ್ಸಿನ ಕಡೆಯ ಸೀಟಿನ ಕಿಡಕಿಯಲ್ಲಿ ಕಾಣುವ ಹಸಿರು ಸೆರಗು ಅವನ ಹೆಂಡತಿ ಅನ್ನಪೂರ್ಣಾಳದು. ಮೂರು ವರ್ಷಗಳಿಂದ ಈ ಗಂಡಹೆಂಡಿರು ತವರಿಗೆ ಹೋಗುವುದು ಹೀಗೆಯೇ. ಬಸ್ಸಿನ ಕಂಡಕ್ಟರನಿಗೂ ಇದು ರೂಢಿಯಾಗಿ, "ಅಕ್ಕಾರ, ನಿಮ್ಮ ಪೈಲೆಟ್ ಹಿಂದ ಬಂದ್ರು ನೋಡ್ರಿ, ಬಿಡೋಣೇನ್ರಿ?" ಎಂದು ಕೇಳಿಯೇ ಸೀಟಿ ಊದುತ್ತಿದ್ದ. ಅನ್ನಪೂರ್ಣಾ ಒಮ್ಮೆ ಕಿಡಕಿಯಿಂದ ಹಿಂದೆ ನೋಡಿ, "ಬಿಡ್ರಿ" ಎನ್ನುತ್ತಿದ್ದಳು.

ನಿಜಗುಣಪ್ಪ ಒಂದು ಬೀಜದ ಕಂಪನಿಯ ಫೀಲ್ಡ್‌ಮನ್. ಹತ್ತಿಯ ಪ್ಲಾಟು ನೋಡಲು ಅವನು ಹೋಗಬೇಕಾದದ್ದು ಎರೆಹೊಲದ ಎತ್ತಿನ ಗಾಡಿಯ ದಾರಿಯಲ್ಲಿ. ಆ ದಾರಿಯ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು: ಮಳೆಗಾಲದಲ್ಲಿ ಗಾಡಿಯ ಗಾಲಿಗಳು ಕೊರೆದ ಜಾಡು ಬೇಸಿಗೆಗೆ ಕಲ್ಲಾಗುತ್ತದೆ. ಮೋಟಾರ್‌ಸೈಕಲ್ಲಿನ ಮುಂದಿನ ಗಾಲಿ ಅದರೊಳಗೆ ಇಳಿಯಿತೋ, ಹ್ಯಾಂಡಲ್ಲು ಮೈಮೇಲೆ ದೇವರು ಬಂದವರ ತಲೆಯಂತೆ ಎರಡೂ ಕಡೆ ಝಾಡಿಸುತ್ತದೆ. ಉಳಿದವರು ಆಗ ಕಾಲು ಕೆಳಗಿಟ್ಟು ಸಂಭಾಳಿಸುತ್ತಾರೆ. ನಿಜಗುಣಪ್ಪ ಮಾತ್ರ ಪ್ರತಿಸಲವೂ ಯಾವ ಕಾಲು ಇಡಬೇಕೆಂದು ವಿಚಾರ ಮಾಡುತ್ತಿದ್ದ. ವಿಚಾರ ಮುಗಿಯುವಷ್ಟರಲ್ಲಿ ಬಿದ್ದಿರುತ್ತಿದ್ದ.

ಒಬ್ಬನೇ ಬಿದ್ದದ್ದಕ್ಕೆ ಲೆಕ್ಕವಿಲ್ಲ. ಆದರೆ ೨೦೦೧ರ ಶ್ರಾವಣದಲ್ಲಿ ಅವನು ಹೆಂಡತಿಯನ್ನು ಹಿಂದೆ ಕೂಡಿಸಿಕೊಂಡು ಬಿದ್ದ. ಅದೂ ಎಲ್ಲಿ? ಅವಳ ತವರೂರು ಚಚಡಿಯಲ್ಲಿ, ಬಸವಣ್ಣನ ಗುಡಿಯ ಎದುರಿಗೆ, ಮಾವ ದುಂಡಪ್ಪನವರು ಹದಿನಾರು ಮಂದಿಯೊಂದಿಗೆ ಕಟ್ಟೆಯ ಮೇಲೆ ಕೂತಿದ್ದಾಗ. ಅಂದೇ ಘಳಿಗೆ ಮುರಿದು ಉಟ್ಟ ಹೊಸ ಇಳಕಲ್ಲ ಸೀರೆಯ ಸಮೇತ ಅನ್ನಪೂರ್ಣಾ ಕೆಸರಿನಲ್ಲಿ ಕೂತಳು. ಕಟ್ಟೆಯ ಮೇಲಿನ ಹದಿನಾರೂ ಮಂದಿ ಮೊದಲು ಸಾವಕಾಶವಾಗಿ ನಕ್ಕು ಮುಗಿಸಿ, ಆಮೇಲೆ ಎಬ್ಬಿಸಲು ಬಂದರು. ಎದ್ದು ನಿಂತ ಅನ್ನಪೂರ್ಣಾ ಸೆರಗು ಹಿಂಡುತ್ತ ಹೇಳಿದಳು:

"ಇನ್ನ ಮ್ಯಾಲ ನಿಮ್ಮ ಗಾಡಿ ಮ್ಯಾಲ ನಾ ಕುಂತೆ ಅಂದ್ರ ಕೇಳ್ರಿ. ಬಸ್ ಐತಿ, ಟೆಂಪೋ ಐತಿ, ಏನೂ ಇಲ್ಲಂದ್ರ ದೇವರು ಎರಡು ಕಾಲ ಕೊಟ್ಟಾನ."

ಅಂದಿನಿಂದ ಆ ಗಾಡಿಯ ಹಿಂದಿನ ಸೀಟು ಖಾಲಿ. ನಿಜಗುಣಪ್ಪ ದಿನಾ ಬೆಳಿಗ್ಗೆ ಮುಂದಿನ ಸೀಟನ್ನು ಬಿಟ್ಟು ಹಿಂದಿನ ಸೀಟನ್ನಷ್ಟೇ ಅರಿವೆಯಿಂದ ಒರೆಸುತ್ತಿದ್ದ. ಪಕ್ಕದ ಮನೆಯ ಕೃಷ್ಣವ್ವ ಅಂಗಳಕ್ಕೆ ನೀರು ಹೊಡೆಯುತ್ತ, "ಯಾರೂ ಕೂಡದ ಸೀಟ ಯಾಕಷ್ಟು ಒರಸ್ತೀಯೋ ನಿಜಗುಣಿ? ಅಲ್ಲೇನು ಜಂಗಮರನ್ನ ಕೂಡಸಾಂವೇನು?" ಎಂದು ಓಣಿಗೆಲ್ಲ ಕೇಳುವಂತೆ ಕೇಳುತ್ತಿದ್ದಳು. ನಿಜಗುಣಪ್ಪ ಇನ್ನೂ ಜೋರಾಗಿ ಒರೆಸುತ್ತಿದ್ದ.

ಹೀಗಿರುವಾಗ ೨೦೦೪ರ ಮಳೆಗಾಲದಲ್ಲಿ, ಮಿರ್ಚಿಭಜಿ ಕಟ್ಟಿಕೊಟ್ಟ ಕಾಗದದ ರೂಪದಲ್ಲಿ, ವಿಜ್ಞಾನವು ನಿಜಗುಣಪ್ಪನ ಮನೆಯನ್ನು ಪ್ರವೇಶಿಸಿತು. ಅದು ಯಾವುದೋ ಇಂಗ್ಲಿಷ್ ಮೋಟಾರು ಪತ್ರಿಕೆಯ ಹಾಳೆ. ಎಣ್ಣೆಯ ಕಲೆಯ ನಡುವೆ ಒಬ್ಬ ವಿದೇಶಿ ಸವಾರ ಮರುಭೂಮಿಯ ಕಲ್ಲುಗುಂಡಿನ ಮೇಲೆ ಗಾಡಿ ಹಾರಿಸುತ್ತಿದ್ದ. ಹ್ಯಾಂಡಲ್ಲಿನ ನಟ್ಟನಡುವೆ ಒಂದು ಪುಟ್ಟ ಡಬ್ಬಿ, ಅದಕ್ಕೊಂದು ಬಾಣದ ಗುರುತು. ಸ್ಟೇರಿಂಗ್ ಡ್ಯಾಂಪರ್. ಹಾದಿಯಿಲ್ಲದ ಕಡೆ ಓಡುವ ಗಾಡಿಗಳಿಗಾಗಿ ಹೊಸದಾಗಿ ಬಂದದ್ದು. ಒಳಗೆ ಎಣ್ಣೆ ಇರುತ್ತದೆ, ಹ್ಯಾಂಡಲ್ಲು ಝಾಡಿಸುವುದನ್ನು ಅದು ಹೀರಿಕೊಳ್ಳುತ್ತದೆ. ಮುಂದೆ ಅದಕ್ಕೆ ಎಲೆಕ್ಟ್ರಾನಿಕ್ ಮಿದುಳೂ ಬರಲಿದೆ. ಇಷ್ಟನ್ನು ನಿಜಗುಣಪ್ಪ ಡಿಕ್ಷನರಿ ಹಿಡಿದು ಓದಿಕೊಂಡ. ಉಳಿದದ್ದನ್ನು ಭಜಿಯ ಎಣ್ಣೆ ನುಂಗಿತ್ತು. ಅನರ್ಥವೆಲ್ಲ ಇದ್ದದ್ದು ಆ ಉಳಿದದ್ದರಲ್ಲಿ.

ಅಂಥ ಡಬ್ಬಿ ಬೈಲಹೊಂಗಲದಲ್ಲಿ ಎಲ್ಲಿ ಸಿಗಬೇಕು? ಆದರೆ ಎಣ್ಣೆ ತುಂಬಿದ, ಝಾಡಿಸುವುದನ್ನು ತಡೆಯುವ ವಸ್ತುವೊಂದನ್ನು ನಿಜಗುಣಪ್ಪ ದಿನಾ ನೋಡುತ್ತಿದ್ದ. ಬೀಜದಂಗಡಿಯ ಸಾಹುಕಾರರು ತಮ್ಮ ಎ.ಸಿ. ಕೋಣೆಯ ಗಾಜಿನ ಬಾಗಿಲನ್ನು ಕೀಳಿಸಿದ್ದರು. ಆ ಬಾಗಿಲ ತಲೆಯ ಮೇಲಿದ್ದ, ಅದನ್ನು ತಾನಾಗಿಯೇ ಮೆಲ್ಲಗೆ ಮುಚ್ಚುತ್ತಿದ್ದ ಕಬ್ಬಿಣದ ಡಬ್ಬಿ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಕಂಕುಳಲ್ಲಿಟ್ಟುಕೊಂಡು ನಿಜಗುಣಪ್ಪ ವೆಲ್ಡಿಂಗ್ ಬಾಳುವಿನ ಶೆಡ್ಡಿಗೆ ಹೋದ.

ಬಾಳು ಡಬ್ಬಿಯನ್ನು ತಿರುವಿ ಮುರುವಿ ನೋಡಿದ. ಗಾಡಿಯನ್ನು ನೋಡಿದ. ನಿಜಗುಣಪ್ಪನನ್ನು ನೋಡಿದ.

"ಸರ, ಇದು ಬಾಗಲಾ ಮುಚ್ಚೂ ಸಾಮಾನ್ರಿ."

"ಒಳಗ ಎಣ್ಣಿ ಐತಿಲ್ಲೋ?"

"ಐತ್ರಿ."

"ಫಾರಿನ್ನಿನ ಡ್ಯಾಂಪರದಾಗೂ ಎಣ್ಣೀನ ಐತಿ. ಮತ್ತೇನೈತಿ ಫರಕ?"

"ಎಣ್ಣಿ ಏನೋ ಒಂದ ರೀ. ಆದ್ರ ಇದರಾಗ ಸ್ಪ್ರಿಂಗೂ ಐತ್ರಿ ಸರ. ಒಂದ ದಿಕ್ಕಿಗೆ ಜಗ್ಗತೈತಿ. ಮುಚ್ಚೂತನಾ ಬಿಡೂದಿಲ್ಲ."

"ಸ್ಪ್ರಿಂಗ್ ಎಕ್ಸ್ಟ್ರಾ ಆತಲ್ಲೋ! ಅವರ ಕಡೆ ಬರೀ ಎಣ್ಣಿ, ನಮ್ಮ ಕಡೆ ಎಣ್ಣಿ ಪ್ಲಸ್ ಸ್ಪ್ರಿಂಗ್."

ಬಾಳು ಇಪ್ಪತ್ತು ವರ್ಷ ಗಿರಾಕಿಗಳನ್ನು ಕಂಡವನು. "ಹಂಗಾರ ಬೋಲ್ಟ್ ಹಾಕ್ತೇನ್ರಿ, ನಾಳೆ ಬಿಚ್ಚಾಕ ಬರ್ತೈತಿ" ಎಂದ.

"ಬೋಲ್ಟ್ ಬ್ಯಾಡ, ಸಡ್ಲ ಆಕ್ಕಾವು. ವೆಲ್ಡಿಂಗ ಹೊಡಿ. ನಾ ಸಾಯೂತನಾ ಬಿಚ್ಚಬಾರದು."

"ನೀವು ಅಂದ್ರ ಹೊಡಿತೇನ್ರಿ. ಹೇಳೂದಂತೂ ಹೇಳೇನಿ" ಎಂದು ಬಾಳು ಕಪ್ಪು ಗಾಜನ್ನು ಮುಖಕ್ಕೆ ಹಿಡಿದುಕೊಂಡ. ಅದನ್ನು ಕಿಡಿಗೆ ಹೆದರಿ ಹಿಡಿದನೋ, ಮುಂದಾಗುವುದನ್ನು ಕಣ್ಣಿಂದ ನೋಡಬಾರದೆಂದು ಹಿಡಿದನೋ ಹೇಳುವುದು ಕಠಿಣ.

ಎಲೆಕ್ಟ್ರಾನಿಕ್ ಮಿದುಳಿನ ಏರ್ಪಾಡೂ ಅಲ್ಲಿಯೇ ಆಯಿತು. ಯಾವುದೋ ಹಳೆಯ ಟೆಂಪೋ ಹಿಂದೆ ಸರಿಯುವಾಗ ಹಾಡುತ್ತಿದ್ದ ಪೆಟ್ಟಿಗೆಯೊಂದು ಬಾಳುವಿನ ಗುಜರಿಯಲ್ಲಿತ್ತು. ಹ್ಯಾಂಡಲ್ಲು ಅಳತೆ ಮೀರಿ ಹೊರಳಿದರೆ ಕೆಂಪು ದೀಪ ಹತ್ತಿ, ಆ ಪೆಟ್ಟಿಗೆ ಪೀಂ ಪೀಂ ಎಂದು ರಾಗ ತೆಗೆದು ಸವಾರನನ್ನು ಎಚ್ಚರಿಸಬೇಕು ಎಂದು ವೈರು ಜೋಡಿಸಲಾಯಿತು. ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹ್ಯಾಂಡಲ್ಲನ್ನು ಬಲಕ್ಕೆ ಹೊರಳಿಸಿ ಕೈ ಬಿಟ್ಟರು. ಅದು ಝಾಡಿಸಲಿಲ್ಲ. ಸಾಹುಕಾರರ ಬಾಗಿಲಿನ ಮರ್ಯಾದೆಯಿಂದ ಮೆಲ್ಲಗೆ, ಮೆಲ್ಲಗೆ ಎಡಕ್ಕೆ ಬಂದು ನಿಂತಿತು. ಪೆಟ್ಟಿಗೆ ಪೀಂ ಪೀಂ ಎಂದಿತು. ನಿಜಗುಣಪ್ಪನ ಕಣ್ಣಲ್ಲಿ ನೀರು ಬಂತು. ಬಾಳುವೂ ಕಣ್ಣು ಒರೆಸಿಕೊಂಡ, ಆದರೆ ಅವನು ನಗುತ್ತಿದ್ದ.

ಬಾಳುವಿನ ಶೆಡ್ಡಿನಿಂದ ನಿಜಗುಣಪ್ಪನ ಮನೆಗೆ ಒಂದೇ ಬಲತಿರುವು. ಅಂದು ಅವನು ಮೂರು ಎಡತಿರುವು ತೆಗೆದುಕೊಂಡು, ಮಾರ್ಕೆಟ್ ಯಾರ್ಡನ್ನು ಪೂರ್ತಿ ಬಳಸಿ, ಅರ್ಧ ತಾಸಿಗೆ ಮನೆ ಮುಟ್ಟಿದ. "ಟೆಸ್ಟ್ ರೈಡ್" ಎಂದು ಕೇಳದವರಿಗೂ ಹೇಳಿದ.

ಸಂಜೆಗೆ ಓಣಿಯ ಮಂದಿ ಗಾಡಿಯ ಸುತ್ತ ನೆರೆದರು.

"ಇದು ಆಫ್‌ರೋಡ್ ಟೆಕ್ನಾಲಜಿ ಕೃಷ್ಣವ್ವಾರ. ಹಾದಿ ಇಲ್ಲದ ಕಡೇನೂ ಗಾಡಿ ಬೀಳೂದಿಲ್ಲ."

ಕೃಷ್ಣವ್ವ ಡಬ್ಬಿಯನ್ನು ಬೆರಳಿನಿಂದ ಬಡಿದು ನೋಡಿದಳು. "ಹಾದಿ ಇದ್ದಲ್ಲೇ ಬೀಳಾಂವ ನೀನು. ಹಾದಿ ಇಲ್ಲದ ಕಡೆ ಯಾಕಪಾ ಹೊಂಟಿ?"

ಅನ್ನಪೂರ್ಣಾ ಬಾಗಿಲಿಗೆ ಆತು ಎಲ್ಲವನ್ನೂ ಕೇಳುತ್ತಿದ್ದಳು. ಮಂದಿ ಹೋದ ಮೇಲೆ ನಿಜಗುಣಪ್ಪ ಹಿಂದಿನ ಸೀಟನ್ನು ಒರೆಸುತ್ತ, ಅವಳ ಕಡೆ ನೋಡದೆ ಹೇಳಿದ:

"ಸೋಮವಾರ ಮಾವನವರನ್ನ ನೋಡಾಕ ಹೋಗೂದೈತಲ್ಲ. ಬಸ್ಸಿನಾಗ ಭಾಳ ಗದ್ದಲ ಇರ್ತೈತಿ."

"ಇರ್ಲಿ."

"ಈಗ ಗಾಡಿ ಬೀಳೂದಿಲ್ಲ, ಅನ್ನಪೂರ್ಣಾ."

ಅವಳು ಹತ್ತಿರ ಬಂದು ಡಬ್ಬಿಯನ್ನು ಬಗ್ಗಿ ನೋಡಿದಳು. ಆಮೇಲೆ ಹೇಳಿದಳು: "ಬಸವಣ್ಣನ ಗುಡಿ ಮುಂದ, ನಮ್ಮಪ್ಪನ ಮುಂದ ಬೀಳಿಸಿದ್ರಿ. ಅಲ್ಲೇ ಅವರೆಲ್ಲರ ಎದುರಿಗೆ ಗುಡಿ ಸುತ್ತ ಐದು ಸುತ್ತ ಹಾಕಿ ತೋರಸ್ರಿ. ನೆಲಕ್ಕ ಕಾಲ ಹಚ್ಚಬಾರದು. ಹಚ್ಚಲಿಲ್ಲಂದ್ರ ಬರೂ ಮುಂದ ನಿಮ್ಮ ಹಿಂದ ಕುಂತು ಬರ್ತೇನಿ."

ಹೊಸ ಟ್ರ್ಯಾಕ್ಟರು, ಹೊಸ ಚಕ್ಕಡಿ ಏನೇ ಬಂದರೂ ಮೊದಲು ಬಸವಣ್ಣನ ಗುಡಿಗೆ ಐದು ಸುತ್ತು ಹಾಕಿಸುವುದು ಚಚಡಿಯವರ ಪದ್ಧತಿ. ಡ್ಯಾಂಪರಿಗೂ ಅದು ತಪ್ಪಬಾರದಲ್ಲ! ನಿಜಗುಣಪ್ಪ ಅಂದು ರೊಟ್ಟಿ ಎರಡು ಹೆಚ್ಚು ಉಂಡ.

ಸೋಮವಾರ ಬಸ್ಸು ಮುಂದೆ, ನಿಜಗುಣಪ್ಪ ಹಿಂದೆ. ಗಾಡಿ ದಾರಿಯುದ್ದಕ್ಕೂ ಎಡಗಡೆಯ ಪ್ರತಿಯೊಂದು ಹೊಲವನ್ನೂ ನೋಡಬಯಸುತ್ತಿತ್ತು. ನಿಜಗುಣಪ್ಪ ಎರಡೂ ತೋಳಿನ ಬಲ ಹಾಕಿ ಹ್ಯಾಂಡಲ್ಲನ್ನು ಬಲಕ್ಕೆ ಒತ್ತಿ ಹಿಡಿದಿದ್ದ. ಒತ್ತುವುದು ಒಂದಿಷ್ಟು ಸಡಿಲಾದರೆ ಪೀಂ ಪೀಂ. ಚಚಡಿ ಮುಟ್ಟುವ ಹೊತ್ತಿಗೆ ಅವನ ತೋಳುಗಳು ನೆನೆದ ಹಗ್ಗದಂತಾಗಿದ್ದವು. ಸ್ಥಿರತೆ ಎಂದರೆ ಹೀಗೆಯೇ ಇರುತ್ತದೆ, ಫಾರಿನ್ನಿನವರಿಗೆ ಮೈಯಲ್ಲಿ ಶಕ್ತಿ ಹೆಚ್ಚು ಎಂದು ಸಮಾಧಾನ ಮಾಡಿಕೊಂಡ.

ಗುಡಿಯ ಎದುರು ಕಟ್ಟೆಯ ಮೇಲೆ ಹೊರಸು ಹಾಕಿ ದುಂಡಪ್ಪನವರನ್ನು ಕೂಡಿಸಿದ್ದರು. ತಿಂಗಳು ಜ್ವರದಲ್ಲಿ ಮಲಗಿ ಈಗ ಎಂಟು ದಿನದಿಂದ ಹೊರಗೆ ಬರುತ್ತಿದ್ದ ಜೀವ. ಪಕ್ಕದಲ್ಲಿ ಅತ್ತೆ ಚನ್ನವ್ವ, ಸುತ್ತ ಮೂರು ವರ್ಷದ ಹಿಂದಿನ ಅದೇ ಹದಿನಾರು ಮಂದಿ. ಬಸ್ಸೂ ಚಹಾಕ್ಕೆಂದು ಅಲ್ಲಿಯೇ ನಿಂತಿತ್ತು. ಡ್ರೈವರ್, ಕಂಡಕ್ಟರ್, ಪ್ರಯಾಣಿಕರೆಲ್ಲ ಗ್ಲಾಸು ಹಿಡಿದು ಇಳಿದರು.

ಪೂಜಾರಿ ಮಹಾಂತಪ್ಪ ಡಬ್ಬಿಗೆ ವಿಭೂತಿ ಬಡಿದು, ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣಿಟ್ಟ. "ಹೂಂ, ಅಳಿಯಂದ್ರ, ದೇವರನ್ನ ಬಲಕ್ಕಿಟಗೊಂಡು ಹೊಂಡ್ರಿ."

ನಿಜಗುಣಪ್ಪ ಬಸವಣ್ಣನನ್ನು ಬಲಕ್ಕಿಟ್ಟುಕೊಂಡೇ ಹೊರಟ. ನಿಂಬೆಹಣ್ಣು ಚಿಟ್ಟೆಂದು ಒಡೆಯಿತು. ಹತ್ತು ಮಾರು ಹೋಗುವಷ್ಟರಲ್ಲಿ ಅವನ ತೋಳುಗಳು ರಾಜೀನಾಮೆ ಕೊಟ್ಟವು. ಹ್ಯಾಂಡಲ್ಲು ಮೆಲ್ಲಗೆ ಮುಚ್ಚಿಕೊಂಡಿತು. ಗಾಡಿ ಗುಡಿಗೆ ಬೆನ್ನು ತಿರುವಿ ನೇರ ಕಟ್ಟೆಗೆ ಬಂತು. ಹದಿನಾರು ಮಂದಿ ಕಾಲು ಮೇಲೆತ್ತಿಕೊಂಡರು. ಕಟ್ಟೆಯನ್ನು ಸವರಿಕೊಂಡು ಅರ್ಧ ಸುತ್ತು ಹೊರಳಿ, ಬಂದ ದಾರಿಗೇ ಮುಖ ಮಾಡಿ, ಈಗ ಬಸವಣ್ಣನನ್ನು ಎಡಕ್ಕಿಟ್ಟುಕೊಂಡು ಗಾಡಿ ಸುತ್ತತೊಡಗಿತು. ಆ ದಿಕ್ಕು ಅದಕ್ಕೆ ಮನಸ್ಸಿಗೆ ಬಂದಂತಿತ್ತು. ಒಂದು ಅಲುಗಾಟವಿಲ್ಲ. ಪೆಟ್ಟಿಗೆ ಮಾತ್ರ ಬಿಡದೆ ರಾಗ ತೆಗೆಯುತ್ತಿತ್ತು.

"ಎಡಸುತ್ತು!" ಮಹಾಂತಪ್ಪನ ಕೈಯಿಂದ ಕಾಯಿಯ ಹೋಳು ಬಿತ್ತು. "ಏ ಅಳಿಯಂದ್ರ, ಎಡಸುತ್ತು ಹೊಂಟೀರಿ! ಬಲಸುತ್ತು ದೇವರಿಗೆ, ಎಡಸುತ್ತು ಹೆಣಕ್ಕ!"

ನಿಜಗುಣಪ್ಪನಿಗೆ ಗೊತ್ತಿಲ್ಲವೆಂದಲ್ಲ. ಆದರೆ ಗಾಡಿಯನ್ನು ತಿರುಗಿಸಬೇಕಾದರೆ ನಿಲ್ಲಿಸಬೇಕು. ನಿಲ್ಲಿಸಬೇಕಾದರೆ ಕಾಲು ಹಚ್ಚಬೇಕು. ಕಾಲು ಹಚ್ಚಿದರೆ ಹಿಂದಿನ ಸೀಟು ಜನ್ಮವಿಡೀ ಖಾಲಿ. ಹೀಗಾಗಿ ಅವನು ಸುತ್ತುತ್ತಲೇ ಉತ್ತರ ಕೊಡುವುದೆಂದು ನಿರ್ಧರಿಸಿದ. ತೊಂದರೆಯೆಂದರೆ, ಪ್ರತಿ ಸುತ್ತಿಗೆ ಕಟ್ಟೆಯ ಎದುರು ಅವನಿಗೆ ಸಿಗುತ್ತಿದ್ದದ್ದು ಎರಡು ಮೂರು ಶಬ್ದದ ಅವಕಾಶ.

ಎರಡನೆಯ ಸುತ್ತು: "ನಂದೇನೂ ಇಲ್ರಿ, ಇದು..." ಮಾಯ.

"ಏನಂದಾ?" "ತನ್ನದೇನೂ ಇಲ್ಲಂತ." "ಮತ್ತ ಯಾರು ಹೇಳಿಕೊಟ್ಟಾರಂತ?"

ಮೂರನೆಯ ಸುತ್ತು: "ತಾನ ಮುಚ್ಚಿಕೊಳ್ಳಾಕ..." ಮಾಯ.

"ಏನು ಮುಚ್ಚಿಕೊಳ್ಳೂದು?" "ಮಾವನ ಕಣ್ಣ ಇರಬೇಕು!"

ನಾಲ್ಕನೆಯ ಸುತ್ತು: "ಐದು ಸುತ್ತ ಮುಗಿಸೇ..." ಮಾಯ.

"ಮುಗಿಸೇ ಬಿಡ್ತಾನಂತ!" ಎಂದು ಒಬ್ಬ ಎದ್ದೇ ನಿಂತ. "ಮುದುಕಾ ಜ್ವರದಿಂದ ಎದ್ದು ಬರೇ ಎಂಟ ದಿನಾ ಆತು, ಇಂವಾ ಹೆಣದ ಸುತ್ತು ಹಾಕಾಕತ್ತಾನ. ಅದೂ ಬ್ಯಾಂಡ್ ಬಾರಸ್ಕೊಂತ!"

ಚನ್ನವ್ವ "ಯಪ್ಪಾ ಬಸವಣ್ಣಾ, ನನ್ನ ಕುಂಕುಮಾ ಕಾಯೋ" ಎಂದು ದನಿ ತೆಗೆದಳು. ದುಂಡಪ್ಪನವರು ಇಷ್ಟು ಹೊತ್ತು ಅಳಿಯನನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದವರು, ಊರ ಮಂದಿಗೆ ಮುಖ ತೋರಿಸಲಾರದೆ ಹೊರಸಿನ ಮೇಲೆ ಅಡ್ಡಾಗಿ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡರು.

ಐದು ಸುತ್ತು ಮುಗಿದವು. ನಿಜಗುಣಪ್ಪ ಅನ್ನಪೂರ್ಣಾಳ ಕಡೆ ನೋಡಿದ. ಅವಳು "ಸಾಕು" ಎಂದಿದ್ದರೆ ಸಾಕಿತ್ತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಎಡಸುತ್ತು ಲೆಕ್ಕಕ್ಕೆ ಹಿಡಿಯುವುದಿಲ್ಲವೇನೋ ಎಂದು ಅವನು ಆರನೆಯದಕ್ಕೆ ಹೊರಟ. ಏಳು. ಎಂಟು. ಅಷ್ಟರಲ್ಲಿ ಚಹಾ ಮುಗಿದು ಬಸ್ಸು ಸೀಟಿ ಊದಿಕೊಂಡು ಕಟಕೋಳದ ಕಡೆ ಹೊರಟಿತು. ಬಸ್ಸಿನ ಕಿಡಕಿಗಳಲ್ಲಿದ್ದವರು ಕಡೆಗೆ ಕಂಡದ್ದು ಇಷ್ಟು: ಹೊರಸಿನ ಮೇಲೆ ತಲೆತನಕ ಕಂಬಳಿ ಹೊದ್ದು ಮಲಗಿದ ಮುದುಕ, ಎದೆ ಬಡಿದುಕೊಂಡು ಅಳುತ್ತಿರುವ ಹೆಂಡತಿ, ಮುಖ ಮುಚ್ಚಿಕೊಂಡ ಮಗಳು, ವಾದ್ಯದ ಸಪ್ಪಳ, ಎಡಸುತ್ತು ಹಾಕುತ್ತಿರುವ ಅಳಿಯ. ಇಷ್ಟು ಕಂಡ ಮೇಲೆ ಏನಾಗಿದೆಯೆಂದು ಬಿಡಿಸಿ ಹೇಳಬೇಕೆ? ಬಸ್ಸು ಪ್ರತಿ ಸ್ಟಾಪಿನಲ್ಲೂ ಸುದ್ದಿಯನ್ನು ಇಳಿಸುತ್ತ ಹೋಯಿತು.

ಹನ್ನೊಂದನೆಯ ಸುತ್ತಿನಲ್ಲಿ ಪೆಟ್ರೋಲು ತೀರಿತು. ಮೂರು ವರ್ಷದ ಹಿಂದೆ ಬಿದ್ದ ಜಾಗವನ್ನು ಗಾಡಿ ತಾನೇ ಹುಡುಕಿಕೊಂಡು ಹೋಗಿ ಅಲ್ಲಿ ಒರಗಿತು. ನಿಜಗುಣಪ್ಪ ಕಡೆಯತನಕ ಮಾತು ತಪ್ಪಲಿಲ್ಲ. ನೆಲಕ್ಕೆ ಕಾಲು ಹಚ್ಚಲಿಲ್ಲ. ಮೈ ಹಚ್ಚಿದ.

ಈ ಸಲ ಹದಿನಾರು ಮಂದಿಯಲ್ಲಿ ಒಬ್ಬರೂ ನಗಲಿಲ್ಲ. ಎಬ್ಬಿಸಲೂ ಬರಲಿಲ್ಲ.

ಮಧ್ಯಾಹ್ನ ಮಾವನ ಮನೆಯಲ್ಲಿ ಉಣ್ಣುವ ಶಾಸ್ತ್ರವಾಯಿತು. ಚನ್ನವ್ವ ರೊಟ್ಟಿಯನ್ನು ಅವನ ತಾಟಿಗೆ ದೂರದಿಂದಲೇ ಹಾಕಿದಳು. ಒಬ್ಬರು ಬಂದು, "ಮಾವನ ಕೆರಿ ಕೆಳಗಿನ ಹೊಲದ ಮ್ಯಾಲ ಕಣ್ಣ ಇತ್ತೇನ್ರಿ?" ಎಂದು ಸಲಿಗೆಯಿಂದ ಕೇಳಿ ಹೋದರು. ಇನ್ನೊಬ್ಬರು, "ಹನ್ನೊಂದು ಸುತ್ತಿಗೆ ಹನ್ನೊಂದು ದಿನಾ ಅಂತ ಲೆಕ್ಕ ಇರ್ತೈತಿ" ಎಂದು ಶಾಸ್ತ್ರ ಹೇಳಿದರು. "ಅದರಾಗ ಸ್ಪ್ರಿಂಗ್ ಐತ್ರಿ" ಎಂದು ನಿಜಗುಣಪ್ಪ ಎಲ್ಲರಿಗೂ ವಿವರಿಸಿದ. ಸ್ಪ್ರಿಂಗಿನ ಹೆಸರು ಹೇಳಿ ಮಾವನನ್ನು ಕೊಲ್ಲುವ ಅಳಿಯನನ್ನು ಚಚಡಿ ಅದುವರೆಗೆ ಕಂಡಿರಲಿಲ್ಲ. ಅನ್ನಪೂರ್ಣಾ ಅವನ ಕಡೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ಬೈದಿದ್ದರೆ ಅವನು ಬದುಕುತ್ತಿದ್ದ.

ನಾಲ್ಕು ಗಂಟೆಗೆ ಕಟಕೋಳದಿಂದ ಬಸ್ಸು ಮರಳಿ ಬಂತು. ಬಾಗಿಲು ತೆರೆಯುವ ಮೊದಲೇ ಒಳಗಿನಿಂದ ದುಃಖ ಇಳಿಯಿತು. ಮೊದಲು ದುಂಡಪ್ಪನವರ ತಂಗಿ ಗುರುಬಸವ್ವ, ಅವಳ ಹಿಂದೆ ಇಪ್ಪತ್ತು ಮಂದಿ ಬೀಗರು, ಅವರ ಹಿಂದೆ ತಾಳ ಡಗ್ಗಾ ಹಿಡಿದ ಭಜನಿ ಮೇಳ, ಅವರ ಹಿಂದೆ ಸೇವಂತಿಗೆಯ ಎರಡು ದೊಡ್ಡ ಮಾಲೆ, ಬಿಲ್ವಪತ್ರೆಯ ಬುಟ್ಟಿ.

"ಯಣ್ಣಾ ನನ್ನಣ್ಣಾ, ಪಂಚಮಿಗಿ ಯಾರು ಕರೀತಾರೋ, ನನಗ ಕುಬಸಾ ಯಾರು ತರ್ತಾರೋ..." ಎಂದು ಗುರುಬಸವ್ವ ಓಣಿಯ ಉದ್ದಕ್ಕೂ ಅಳುತ್ತ ಬಂದು, ಪಡಸಾಲೆಯಲ್ಲಿ ಬಸಿಗೆ ಚಹಾ ಹೊಯ್ದುಕೊಂಡು ಕೂತಿದ್ದ ಅಣ್ಣನನ್ನು ಕಂಡಳು. ಕಂಡರೂ ಒಮ್ಮೆಲೇ ನಿಲ್ಲಿಸಲಿಲ್ಲ. ಎತ್ತಿದ ಹಾಡನ್ನು ಅರ್ಧಕ್ಕೆ ಬಿಡಬಾರದು. "ದಾನದಾಗ ಶೂರ ಇದ್ದ್ಯೋ ಅಣ್ಣಾ" ಎಂಬಲ್ಲಿಗೆ ತಂದು ಮುಗಿಸಿದಳು.

ದುಂಡಪ್ಪನವರು ಬಸಿ ಕೆಳಗಿಟ್ಟರು. "ಇನ್ನೊಂದಿಷ್ಟು ಹೇಳವಾ. ಇಷ್ಟು ಚಲೋ ಮನಶ್ಯಾ ಇದ್ನೇನು ನಾ?"

"ಥೂ ನಿನ್ನ! ಜೀವಂತ ಅದಿಯೇನು?" ಎಂದ ಗುರುಬಸವ್ವಳ ದನಿಯಲ್ಲಿ ಸಂತೋಷದಷ್ಟೇ ಸಿಟ್ಟೂ ಇತ್ತು. "ಕೆಲಸಾ ಬಗಸಿ ಬಿಟ್ಟು ಬಂದೇವಿ! ಸತ್ತಿ ಅಂತ ಸುದ್ದಿ ಹಚ್ಚಿದವ್ರು ಯಾರು?"

ಹದಿನಾರು ಕೈಗಳು ಒಟ್ಟಿಗೆ ನಿಜಗುಣಪ್ಪನ ಕಡೆ ತೋರಿಸಿದವು.

ಅಷ್ಟರಲ್ಲಿ ಊರ ಲೆಕ್ಕ ಬರೆಯುವ ತಲಾಟಿ ದಫ್ತರು ಹಿಡಿದು ಬಂದ. ಸುದ್ದಿ ಕೇಳಿ ಮರಣದ ತಾರೀಖು ಬರೆದುಕೊಳ್ಳಲು ಬಂದವನು. ದುಂಡಪ್ಪನವರನ್ನು ಕಂಡು ನಮಸ್ಕಾರ ಮಾಡಿ, ಪೆನ್ನಿನ ಟೊಪ್ಪಿಗೆ ತೆಗೆದದ್ದನ್ನು ಹಾಗೆಯೇ ಹಿಡಿದು, "ಹಂಗಾರ ಇವತ್ತ ಇಲ್ಲೇನ್ರಿ?" ಎಂದು ಕೇಳಿದ. "ಇವತ್ತ ಇಲ್ಲಪಾ, ಹನ್ನೊಂದ ದಿನಾ ಬಿಟ್ಟು ಬಾ. ಅಳಿಯಂದ್ರು ವಾಯಿದೆ ಕೊಟ್ಟಾರ" ಎಂದರು ದುಂಡಪ್ಪನವರು.

ಆದರೆ ನಿಜವಾದ ಪೇಚು ಇನ್ನೂ ಮುಂದಿತ್ತು. ಹೆಣದ ಮಣ್ಣಿಗೆಂದು ತಂದ ಮಾಲೆಯನ್ನು ಯಾರೂ ಮನೆಗೆ ತಿರುಗಿ ಒಯ್ಯುವಂತಿಲ್ಲ. ಒಯ್ದರೆ ಆ ಮನೆಯಿಂದ ಇನ್ನೊಂದು ಹೆಣ ಹೊರಡುತ್ತದೆಂದು ನಂಬಿಕೆ. ದೇವರಿಗೆ ಏರಿಸುವಂತಿಲ್ಲ, ತಿಪ್ಪೆಗೆ ಎಸೆಯುವಂತಿಲ್ಲ. ಗುರುಬಸವ್ವ ಮಾಲೆಯ ಕಡೆಗೊಮ್ಮೆ, ಅಣ್ಣನ ಕಡೆಗೊಮ್ಮೆ ನೋಡಿದಳು. ದುಂಡಪ್ಪನವರು ಜಾಗ ಬದಲಿಸಿ ಕೂತರು. ಹಿರಿಯರೆಲ್ಲ ಕೂಡಿ ಮಹಾಂತಪ್ಪನನ್ನು ಕೇಳಿದರು. ಅವನು ಕಣ್ಣು ಮುಚ್ಚಿ ವಿಚಾರ ಮಾಡಿ ಹೇಳಿದ:

"ಸುತ್ತು ಹಾಕಿದ್ದು ಯಾವುದು? ಗಾಡಿ. ಎಡಕ್ಕ ಹೊಳ್ಳಿದ್ದು ಯಾವುದು? ಗಾಡಿ. ಗುಡಿ ಮುಂದ ಜೀವಾ ಬಿಟ್ಟಿದ್ದು ಯಾವುದು? ಗಾಡಿ. ಅದಕ್ಕ ಹಾಕ್ರಿ."

ಎಲ್ಲರಿಗೂ ಸಮಾಧಾನವಾಯಿತು. ಹ್ಯಾಂಡಲ್ಲಿಗೊಂದು, ಹಿಂದಿನ ಸೀಟಿಗೊಂದು ಮಾಲೆ ಬಿತ್ತು. ಬಿಲ್ವಪತ್ರೆ ಪೆಟ್ರೋಲ್ ಟಾಕಿಯ ಮೇಲೆ ಬಿತ್ತು. ಭಜನಿ ಮೇಳದವರು ಬಂದ ಸಾರ್ಥಕಕ್ಕೆ ಎರಡು ಪದ ಹಾಡಿದರು. ನಿಜಗುಣಪ್ಪ ತನ್ನ ಗಾಡಿಯ ಪಕ್ಕದಲ್ಲಿ ಕೈಮುಗಿದು ನಿಂತ. ನಿಲ್ಲದೆ ಇನ್ನೇನು ಮಾಡಬೇಕು? ಡಬ್ಬಿಯನ್ನು ಕಿತ್ತೆಸೆಯೋಣವೆಂದು ನಟ್ಟು ಬಿಚ್ಚುವ ಪಾನಾ ಕೇಳಿದರೆ, ಬಾಳುವಿನ ಬೆಸುಗೆಗೆ ಪಾನಾ ಏನು ಮಾಡೀತು? ಯಾರೋ ಒಬ್ಬರು ಕರುಣೆಯಿಂದ ಒಂದು ಬಾಟಲಿ ಪೆಟ್ರೋಲು ಕೊಟ್ಟರು. "ತಗೊಂಡು ಹೋಗ್ರಿ, ಆದ್ರ ಗುಡಿ ಮುಂದ ಹಾಯಬ್ಯಾಡ್ರಿ" ಎಂದರು.

ಇಷ್ಟನ್ನೆಲ್ಲ ನೋಡಲೆಂದೇ ನಿಂತಿದ್ದ ಬೈಲಹೊಂಗಲದ ಬಸ್ಸು ಇನ್ನು ಹೊರಡುವುದಿತ್ತು. ನಿಜಗುಣಪ್ಪ ಹಿಂದಿನ ಸೀಟಿನ ಮಾಲೆಯನ್ನು ಸರಿಸಿ, ಟಾವೆಲ್ಲಿನಿಂದ ಒಮ್ಮೆ ಒರೆಸಿದ. ಅನ್ನಪೂರ್ಣಾ ಚೀಲ ಹಿಡಿದು ಅವನ ಮುಂದೆಯೇ ಹಾದು ಹೋಗಿ ಬಸ್ಸು ಹತ್ತಿದಳು. ಈ ಸಲ ಕಂಡಕ್ಟರನು ಕೇಳಿದರೂ ಹಿಂದೆ ತಿರುಗಿ ನೋಡಲಿಲ್ಲ. ಕಂಡಕ್ಟರ್ ತಾನೇ ಸೀಟಿ ಊದಿದ.

ಮಾಲೆ ಹಾಕಿದ ಗಾಡಿಯ ಮೇಲೆ ನಿಜಗುಣಪ್ಪ ಬಸ್ಸಿನ ಹಿಂದೆ ಹೊರಟ. ಎದುರಿಗೆ ಬಂದ ಮಂದಿ ಚಪ್ಪಲಿ ಬಿಟ್ಟು ಕೈಮುಗಿದರು. ಊರ ಹೊರಗೆ ದಾರಿ ಒಡೆಯುತ್ತದೆ. ಬಲಕ್ಕೆ ಬೈಲಹೊಂಗಲದ ಡಾಂಬರು, ಎಡಕ್ಕೆ ಹೊಲಗಳಿಗೆ ಹೋಗುವ ಎತ್ತಿನ ಗಾಡಿಯ ಜಾಡು. ಬಸ್ಸು ಬಲಕ್ಕೆ ಹೊರಳಿತು. ನಿಜಗುಣಪ್ಪ ಇದ್ದಬಿದ್ದ ಶಕ್ತಿಯನ್ನೆಲ್ಲ ಹಾಕಿದ. ಇದ್ದದ್ದು ಬೆಳಿಗ್ಗೆಯೇ ಹೋಗಿತ್ತು, ಬಿದ್ದದ್ದಷ್ಟೇ ಉಳಿದಿತ್ತು. ಹ್ಯಾಂಡಲ್ಲು ಎಡಕ್ಕೆ ಮುಚ್ಚಿಕೊಂಡಿತು. ಪೀಂ ಪೀಂ ಎನ್ನುತ್ತ ಗಾಡಿ ಎರೆಹೊಲಕ್ಕೆ ಇಳಿಯಿತು.

ಇಳಿದದ್ದೇ ಒಂದು ಆಶ್ಚರ್ಯ ನಡೆಯಿತು. ಮುಂದಿನ ಗಾಲಿ ಗಾಡಿಯ ಜಾಡಿನೊಳಗೆ ಹೊಕ್ಕಿತು. ಜಾಡು ಎಡಕ್ಕೆ ಬಿಡದು, ಡಬ್ಬಿ ಝಾಡಿಸಗೊಡದು. ಹ್ಯಾಂಡಲ್ಲು ಬಂಡೆಯಂತೆ ನಿಂತಿತು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಮೊದಲ ಸಲ ನಿಜಗುಣಪ್ಪ ಜಾಡಿನಲ್ಲಿ ಬೀಳದೆ, ತೂಗಾಡದೆ, ಮರುಭೂಮಿಯ ಸವಾರನಂತೆ ಎರಡು ಫರ್ಲಾಂಗು ಹೋದ. ಹಿಂದಿನ ಸೀಟಿನಲ್ಲಿ ಇದನ್ನು ನೋಡಲು ಒಂದು ಸೇವಂತಿಗೆಯ ಮಾಲೆ ಮಾತ್ರ ಇತ್ತು. ಆಮೇಲೆ ಎರೆಮಣ್ಣು ಮಡ್‌ಗಾರ್ಡಿನಲ್ಲಿ ಗಿಡಿದು ಎರಡೂ ಗಾಲಿ ಬಿಗಿದವು. ಇಂಜಿನ್ನು ಕೆಮ್ಮಿ ಸುಮ್ಮನಾಯಿತು.

ಸಂಜೆಯ ಬಿಸಿಲಿನಲ್ಲಿ, ದೂರದ ಡಾಂಬರಿನ ಮೇಲೆ ಬಸ್ಸು ನಿಂತಂತೆ ಕಂಡಿತು. ಒಂದು ಹಸಿರು ಸೆರಗು ಇಳಿಯಿತು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದು, ಕೆಸರು ತುಳಿಯುತ್ತ, ಪ್ರತಿ ಹೆಜ್ಜೆಗೂ ಏನೋ ಅನ್ನುತ್ತ ಅನ್ನಪೂರ್ಣಾ ಬಂದು ಮುಟ್ಟಿದಳು.

"ಕಿಡಕ್ಯಾಗ ನೋಡಿದೆ. ಕಾಣಲಿಲ್ಲ" ಎಂದಳು. "ಕಂಡಕ್ಟರ್ ಅಂದಾ, ಅಕ್ಕಾರ, ನಿಮ್ಮ ಪೈಲೆಟ್ ಹತ್ತಿ ಹೊಲಾ ಹೊಕ್ಕಾರ ಅಂತ."

"ಜಾಡಿನ್ಯಾಗ ಝಾಡಿಸಲಿಲ್ಲ, ಅನ್ನಪೂರ್ಣಾ. ಖರೇನ. ಒಂದ ಸಲಾನೂ ಝಾಡಿಸಲಿಲ್ಲ."

ಅವಳು ಸುತ್ತ ನೋಡಿದಳು. ಮೊಣಕಾಲುದ್ದ ಕೆಸರು. ಕೂಡಲು ಒಂದು ಕಲ್ಲಿಲ್ಲ, ಬದುವಿಲ್ಲ. "ಮುಂದಿನ ಬಸ್ಸಿಗೆ ತಾಸಿನ ಮ್ಯಾಲ ಐತಿ. ಎಲ್ಲಿ ಕುಂದ್ರಲಿ ನಾ?"

ನಿಜಗುಣಪ್ಪ ಸ್ಟ್ಯಾಂಡು ಹಾಕಿದ. ಮಾಲೆ ತೆಗೆದು ಹ್ಯಾಂಡಲ್ಲಿಗೆ ತೊಡಿಸಿದ. ಟಾವೆಲ್ಲಿನ ಒಣ ಮೂಲೆಯನ್ನು ಹುಡುಕಿ ಹಿಂದಿನ ಸೀಟನ್ನು ಒರೆಸಿದ. ಅನ್ನಪೂರ್ಣಾ ಸೆರಗು ಸಾವರಿಸಿಕೊಂಡು, ಮೂರು ವರ್ಷ ಒಂದು ತಿಂಗಳಿಗೆ, ಕೂತಳು. ಅವನು ಉಸಿರು ಹಿಡಿದು ಮುಂದೆ ಕೂತು ಹ್ಯಾಂಡಲ್ಲು ಹಿಡಿದ. ಗಾಡಿ ಎಲ್ಲಿಗೂ ಹೋಗುವಂತಿರಲಿಲ್ಲ. ಆದರೂ ಕೂತರು.

ಇಲ್ಲಿ ಓದುಗರು ಒಂದು ಸಂಗತಿಯನ್ನು ನೆನಪಿಸಿಕೊಳ್ಳಬೇಕು. ಮೋಟಾರ್‌ಸೈಕಲ್ಲಿನ ಬದಿಯ ಸ್ಟ್ಯಾಂಡು ಇರುವುದು ಎಡಕ್ಕೆ. ಕೆಳಗಿರುವುದು ಮಳೆ ಕುಡಿದ ಎರೆಮಣ್ಣು.

ಮೊದಲು ಗೊತ್ತಾದದ್ದು ನಿಜಗುಣಪ್ಪನಿಗೆ. ದಿಗಂತ ಒಂದಿಷ್ಟು ಸೊಟ್ಟಗಾಗಿತ್ತು. ಅವನು ತಲೆಯನ್ನೂ ಅಷ್ಟೇ ಸೊಟ್ಟ ಮಾಡಿದ. ಇನ್ನೊಂದಿಷ್ಟು ಸೊಟ್ಟಗಾಯಿತು. ಅನ್ನಪೂರ್ಣಾಳ ಕೈ ಅವನ ಹೆಗಲ ಮೇಲೆ ಬಂತು.

"ಏನ್ರಿ, ವಾಲಾಕತ್ತೇತಲ್ಲ?"

"ಕಾಲ ಹಚ್ಚಲೇನು?" ಎಂದು ನಿಜಗುಣಪ್ಪ ಮೆಲ್ಲಗೆ ಕೇಳಿದ.

"ಹಚ್ಚಿದ್ರ ಸೋತ್ರಿ" ಎಂದಳು ಅನ್ನಪೂರ್ಣಾ.

ಅವನು ಹಚ್ಚಲಿಲ್ಲ. ಸ್ಟ್ಯಾಂಡು ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತಿತ್ತು. ಪೆಟ್ಟಿಗೆ ಒಮ್ಮೆ ಪೀಂ ಎಂದು, ಎರಡನೆಯದನ್ನು ಎಳೆಯಲಾರದೆ ಬಿಟ್ಟಿತು.

"ನಾವು ಬೀಳಾಕತ್ತೇವಿ."

"ಹೂಂ," ಎಂದ ನಿಜಗುಣಪ್ಪ. "ಆದ್ರ ನೋಡು, ಹ್ವಾದ ಸಲಾ ಹೆಂಗ ಧಪ್ಪಂತ ಬಿದ್ದಿದ್ವಿ. ಈಗ ಎಷ್ಟ ಸಾವಕಾಶ."

ಅನ್ನಪೂರ್ಣಾ ಅದನ್ನು ಕೂತಲ್ಲಿಯೇ, ಓರೆಯಾಗುತ್ತಲೇ, ವಿಚಾರ ಮಾಡಿದಳು.

"ಅಷ್ಟರ ಮಟ್ಟಿಗೆ ಸುಧಾರಿಸೇತಿ ಬಿಡ್ರಿ" ಎಂದು ಚಪ್ಪಲಿಯ ಕೈಯನ್ನು ಮೇಲೆತ್ತಿ ಹಿಡಿದಳು.

ಗಾಡಿ, ಮಾಲೆ, ಗಂಡ, ಹೆಂಡತಿ, ನಾಲ್ವರೂ ಸಾಹುಕಾರರ ಬಾಗಿಲಿನಂತೆ, ಎಡಕ್ಕೆ, ಸಪ್ಪಳಿಲ್ಲದೆ ಮುಚ್ಚಿಕೊಂಡರು.